ಒಂಬತ್ತನೆಯ ದಿನ ಹೊಸ್ತಿಲು ದಾಟಿದವಳು

ಆ ಬೀದಿಯಲ್ಲಿ ಯಾರಿಗೆ ಮಗುವಾದರೂ ಮೊದಲು ಕರೆ ಹೋಗುತ್ತಿದ್ದುದು ಬಾಣಂತಿ ಅಜ್ಜಿಗೆ. ಹನ್ನೊಂದು ಮನೆಗಳ ಬಾಣಂತಿಯರಿಗೆ ನೀರೆರೆದ ಕೈ ಅವಳದು. ಅವಳ ಕಟ್ಟಳೆ ಒಂದೇ: ಹೆತ್ತವಳು ನಲವತ್ತು ದಿನ ಹೊಸ್ತಿಲು ದಾಟಬಾರದು, ಮಗುವೂ ದಾಟಬಾರದು. ತಾನು ಆರು ಹೆತ್ತರೂ ಒಮ್ಮೆಯೂ ಡಾಕ್ಟರ ಮುಖ ನೋಡಿದವಳಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಆರರಲ್ಲಿ ಉಳಿದವು ಎರಡು ಎಂಬುದನ್ನು ಸೇರಿಸುತ್ತಿರಲಿಲ್ಲ.

ಈ ಸಲ ಹೆತ್ತವಳು ಅವಳ ಸ್ವಂತ ಸೊಸೆ. ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡವಳು. ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವನು. ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಗಿ ಆಗಿ, ಮೂರನೆಯ ದಿನ ಮನೆಗೆ ಕಳಿಸಿದರು. ಜೊತೆಗೊಂದು ಕಾಗದ ಕೊಟ್ಟರು. ತಲೆ ಜೋರಾಗಿ ನೋಯುವುದು, ಕಣ್ಣು ಮಂಜಾಗುವುದು, ಮೈ ಊದುವುದು ಕಂಡರೆ ಕೂಡಲೇ ಬನ್ನಿ ಎಂದು ಅದರಲ್ಲಿತ್ತು. ಹಾಳೆ ಗಟ್ಟಿಯಾಗಿದ್ದುದರಿಂದ ಅತ್ತೆ ಅದನ್ನು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದಳು.

ಏಳನೆಯ ದಿನ ತಲೆನೋವು ಶುರುವಾಯಿತು.

"ಹೆತ್ತವಳಿಗೆ ತಲೆ ನೋಯದೆ ಪಕ್ಕದ ಮನೆಯವಳಿಗೆ ನೋಯುತ್ತಾ?" ಎಂದಳು ಅತ್ತೆ.

ಎಂಟನೆಯ ದಿನ ಮಗುವಿನ ಅಂಗಿಗೆ ಗುಂಡಿ ಹಾಕಲು ಕೂತಾಗ ಸೊಸೆಗೆ ಸೂಜಿ ಎರಡೆರಡಾಗಿ ಕಂಡಿತು. ಊದಿದ ಪಾದ ಚಪ್ಪಲಿಗೆ ಹಿಡಿಸುತ್ತಿಲ್ಲ ಎಂದಳು. ಮನೆಯೊಳಗಿರುವವಳಿಗೆ ಚಪ್ಪಲಿಯ ಯೋಚನೆ ಯಾಕೆ ಬಂತು ಎಂದು ಅತ್ತೆಗೆ ಅನುಮಾನವಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಸೊಸೆ ಎರಡು ಸಲ ವಾಂತಿ ಮಾಡಿಕೊಂಡಳು. ಕೆಲಸ ಮುಗಿಸಿ ಬಂದ ಮಗ ಆಸ್ಪತ್ರೆ ಎಂದ. ಹನ್ನೊಂದು ಮನೆಗಳಿಗೆ ಬುದ್ಧಿ ಹೇಳಿದವಳ ಸೊಸೆಯೇ ಹೊರಗೆ ಕಾಲಿಟ್ಟರೆ ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು ಎಂದು ತಾಯಿ ಕೇಳಿದಳು. ಒಂದು ಗಂಟೆಯ ವಾದದ ಬಳಿಕ ಒಪ್ಪಂದವಾಯಿತು. ಪರಿಚಯದವರಿಲ್ಲದ, ಊರಿನ ಆ ತುದಿಯ ಆಸ್ಪತ್ರೆಗೆ ಅತ್ತೆಯೇ ಕರೆದೊಯ್ಯುವುದು, ಹಿಂದಿನ ಓಣಿಯಿಂದ. ಹಿಂಡಿಟ್ಟ ಹಾಲಿನೊಂದಿಗೆ ಮಗು ಅಪ್ಪನ ಬಳಿ ಮನೆಯಲ್ಲೇ ಇರುವುದು.

ಬಾಡಿಗೆ ಕಾರಿನಲ್ಲಿ ಅತ್ತೆ ಇನ್ನೊಂದು ಮಾತು ಸೇರಿಸಿದಳು. "ಹೆತ್ತ ಸುದ್ದಿ ಎತ್ತಬೇಡ. ಬಾಣಂತಿ ಅಂದ್ರೆ ಹಿಡಿದು ಮಲಗಿಸಿಬಿಡ್ತಾರೆ. ತಲೆನೋವು ಅಂತಷ್ಟೇ ಹೇಳು, ಮಾತ್ರೆ ತಗೊಂಡು ಬರೋಣ." ಸೊಸೆಗೂ ಆಗ ಬೇಕಾಗಿದ್ದುದು ಒಂದು ಮಾತ್ರೆ.

ತುರ್ತು ವಿಭಾಗದ ಗುಮಾಸ್ತ ವಯಸ್ಸು ಕೇಳಿದ, ತೊಂದರೆ ಕೇಳಿದ, ಗರ್ಭಿಣಿಯೇ ಎಂದು ಕೇಳಿದ. ಅತ್ತೆ ಅಲ್ಲ ಎಂದಳು. ಅದು ಸುಳ್ಳಲ್ಲ. ಇತ್ತೀಚೆಗೆ ಹೆರಿಗೆಯಾಗಿದೆಯೇ ಎಂಬ ಪ್ರಶ್ನೆ ಅವನ ನಮೂನೆಯಲ್ಲಿ ಇರಲಿಲ್ಲ. ತಲೆನೋವು ಎಂದು ಬರೆದುಕೊಂಡು ಚೀಟಿ ಕೊಟ್ಟ. ಮುಂದೆ ಹದಿನೇಳು ಜನರಿದ್ದರು.

ನಲವತ್ತು ನಿಮಿಷ ಕಳೆಯಿತು. ನೆಲ ಒರೆಸುತ್ತ ಬಂದ ಹೆಂಗಸು ಬೆಂಚಿನ ಮುಂದೆ ನಿಂತಳು. ಸೊಸೆ ಹೊದ್ದಿದ್ದ ಶಾಲು ಎದೆಯ ಹತ್ತಿರ ಒದ್ದೆಯಾಗಿತ್ತು.

"ಮಗೂಗೆ ಎಷ್ಟು ದಿನ?"

"ಯಾವ ಮಗು? ನೀರು ಕುಡಿಯೋವಾಗ ಚೆಲ್ಕೊಂಡಳು," ಎಂದಳು ಅತ್ತೆ.

"ನಾನೂ ಮೂರು ಹೆತ್ತಿದ್ದೀನಮ್ಮ. ನೀರು ಎರಡೂ ಕಡೆ ಸಮನಾಗಿ ಚೆಲ್ಲಲ್ಲ." ಅವಳು ಸೊಸೆಯ ಕಡೆ ಬಾಗಿದಳು. "ನೀನೇ ಹೇಳು ತಾಯಿ."

ಅತ್ತೆ ಸೊಸೆಯ ಮಣಿಕಟ್ಟು ಅದುಮಿದಳು. ಸೊಸೆ ಕೈ ಬಿಡಿಸಿಕೊಂಡಳು.

"ಒಂಬತ್ತು ದಿನ. ನಿಮ್ಮ ಮುಖ ಸರಿಯಾಗಿ ಕಾಣ್ತಿಲ್ಲ, ಅಕ್ಕ."

ಒರೆಸುವ ಕೋಲು ಅಲ್ಲೇ ಬಿತ್ತು. ಎರಡು ನಿಮಿಷದಲ್ಲಿ ನರ್ಸ್ ಬಂದರು. ರಕ್ತದೊತ್ತಡ 184/116 ಇತ್ತು. ಇನ್ನಷ್ಟು ತಡವಾಗಿದ್ದರೆ ಫಿಟ್ಸ್ ಬರಬಹುದಿತ್ತು, ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದಿತ್ತು ಎಂದು ಡಾಕ್ಟರಮ್ಮ ಹೇಳಿದರು. ಹೆರಿಗೆಯೊಂದಿಗೆ ಈ ಅಪಾಯ ಮುಗಿಯುವುದಿಲ್ಲ, ಆರು ವಾರದವರೆಗೂ ಬರಬಹುದು ಎಂದೂ ವಿವರಿಸಿದರು. ಹೆತ್ತವಳಿಗೆ ವಿಶ್ರಾಂತಿ ಬೇಕೆಂಬುದನ್ನು ಅವರೂ ಒಪ್ಪಿದರು. ಆದರೆ ಕಾಯಿಲೆಗೆ ನಲವತ್ತು ದಿನ ರಜೆ ಕೊಟ್ಟವರು ಯಾರು ಎಂದು ಕೇಳಿದರು.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ," ಎಂದಳು ಅತ್ತೆ.

"ಇತ್ತು. ಅಳೆಯೋರು ಇರಲಿಲ್ಲ."



ಮಧ್ಯಾಹ್ನದ ಹೊತ್ತಿಗೆ ಔಷಧ ಏರಿ, ಒತ್ತಡ ಇಳಿಯತೊಡಗಿತು. ಮೂರು ದಿನವಾದರೂ ಇರಬೇಕು, ಹಾಲು ಕುಡಿಸಲು ಅಡ್ಡಿಯಿಲ್ಲ ಎಂದರು. ಸೊಸೆ ಗಂಡನಿಗೆ ಫೋನ್ ಮಾಡಿ, ಮಗುವನ್ನು ತರಲು ಹೇಳಿದಳು. ಪಕ್ಕದಲ್ಲಿದ್ದ ಅತ್ತೆ ತಡೆದಳು.

"ನಲವತ್ತು ತುಂಬದ ಕೂಸು ಹೊಸ್ತಿಲು ದಾಟಿದ್ದು ನಮ್ಮ ಮನೇಲಿಲ್ಲ."

"ಹಾಗಾದ್ರೆ ನಾನೂ ಆ ಹೊಸ್ತಿಲು ತುಳಿಯಲ್ಲ ಅತ್ತೆ," ಎಂದಳು ಸೊಸೆ. ದನಿ ಏರಿರಲಿಲ್ಲ. "ನಲವತ್ತೊಂದನೇ ದಿನಾನೂ ಬರಲ್ಲ."

ಫೋನಿನ ಆ ಕಡೆ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹೊರಟೆ ಎಂದ. ಅವನು ಹಿಂದಿನ ಓಣಿ ಹಿಡಿಯಲಿಲ್ಲ. ಮಗುವನ್ನೆತ್ತಿಕೊಂಡು ಮುಂಬಾಗಿಲಿನಿಂದಲೇ ಇಳಿದು, ಕೇಳಿದವರಿಗೆಲ್ಲ ಆಸ್ಪತ್ರೆಯ ಹೆಸರನ್ನೂ ವಾರ್ಡನ್ನೂ ಹೇಳುತ್ತ ಬೀದಿಯ ಕೊನೆಯವರೆಗೆ ನಡೆದ.

ಅವನು ಬಂದಾಗ ಅತ್ತೆ ವಾರ್ಡಿನ ಹೊರಗೆ ಹೋಗಿ ನಿಂತಳು. ಒಳಗೆ ಮಗು ಗುಟುಕು ಗುಟುಕಾಗಿ ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ನೆಲ ಒರೆಸುತ್ತಿದ್ದ ಹೆಂಗಸು ಬಕೆಟ್ ಹಿಡಿದು ಬಂದಳು.

"ಬಾಗಿಲು ಒರೆಸಬೇಕಮ್ಮ. ಒಳಗೆ ಹೋಗ್ತೀರೋ, ನಲವತ್ತು ದಿನ ಇಲ್ಲೇ ನಿಲ್ತೀರೋ?"

ಅತ್ತೆ ಒಳಗೆ ಹೋದಳು.