ಚಿಂತಾಕಿ ಅಡವ್ಯಾಗ ಸಿಂಧೂರ ಬಣ್ಣದ ಅಣಬಿ

"ಒಗಿ ಅದನ್ನ! ಮೊದಲ ಒಗಿ!"

ಚಿಂತಾಕಿ ಊರಿನ ಲಲಿತಾಬಾಯಿ ಅಂಗಳದಿಂದಲೇ ಚೀರಿದಳು. ಮೊಮ್ಮಗಳು ಈಶ್ವರಿ ಬಾಗಿಲಲ್ಲಿ ಅಣಬೆ ಹಿಡಿದು ನಿಂತಿದ್ದಳು. ಮಳೆ ನಿಂತ ಮೇಲೆ ಅಡವಿಯ ಸತ್ತ ಮರದ ದಿಮ್ಮಿಯಿಂದ ಕಿತ್ತು ತಂದದ್ದು. ಥೇಟ್ ಸಿಂಧೂರದ ಬಣ್ಣ.

"ಆಯಿ, ಎಷ್ಟ ಚಂದ ಅದ ನೋಡು!"

"ಚಂದ ಅದ ಅಂತ ಬಾಯಾಗ ಇಟ್ಟಗೊಂಡೀಯೇನು? ಅದು ಜಹರ್, ವಿಷ! ಇನ್ಮ್ಯಾಲ ಅಡವಿ ಕಡಿ ಹೆಜ್ಜಿ ಇಡಬ್ಯಾಡ."

ಹುಡುಗಿಯ ಕಣ್ಣು ತುಂಬಿತು. ಗದ್ದಲ ಕೇಳಿ ಬಾಜೂ ಮನೆಯ ಆಮ್ರಪಾಲಿ ಹೊರಗೆ ಬಂದಳು. ಬೀದರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ರಜೆಗೆ ಊರಿಗೆ ಬಂದಿದ್ದಳು.

"ಕಾಕು, ಅಂಜಬ್ಯಾಡ್ರಿ. ಮುಟ್ಟಿದರ ಏನೂ ಆಗಂಗಿಲ್ಲ, ಕೈ ತೊಳದರ ಆಯ್ತು. ತಿನ್ನಬಾರದು, ಅಷ್ಟೇರಿ."

"ಹುಡುಗರಿಗಿ ಇಂಥಾವೆಲ್ಲಾ ತೋರಸೋದೇ ಯಾಕಬೇಕವ್ವ?"

"ನಾವು ತೋರಸಲಿಲ್ಲಂದ್ರ ಅವರೇ ಹುಡುಕ್ತಾರ್ರಿ. ಆಗ ತಿನಬ್ಯಾಡ ಅನ್ನಾಕ ಬಾಜೂಕ ಯಾರಿರ್ತಾರ?"

ಲಲಿತಾಬಾಯಿಗೆ ನಂಬಿಕೆ ಬರಲಿಲ್ಲ. ಮರುದಿನ ಆಮ್ರಪಾಲಿ ಓಣಿಯ ಮಕ್ಕಳನ್ನು ಅಡವಿಗೆ ಕರೆದುಕೊಂಡು ಹೊರಟಾಗ ಕಾವಲಿಗೆಂದು ತಾನೂ ಹೊರಟಳು.

ಅದೇ ದಿಮ್ಮಿಯ ತುಂಬ ಕೆಂಪು ಅಣಬೆಗಳು ಬೀಸಣಿಕೆಯಂತೆ ಬಿಚ್ಚಿಕೊಂಡಿದ್ದವು. ಮಕ್ಕಳು ಕೇಕೆ ಹಾಕಿದರು.

"ಸತ್ತ ಮರಾನ ತಿಂದು ಮಣ್ಣು ಮಾಡ್ತದ ಇದು," ಅಂದಳು ಆಮ್ರಪಾಲಿ. "ಕೀಳಬ್ಯಾಡ್ರಿ. ಕಣ್ಣಿಲೆ ನೋಡ್ರಿ, ಬೆರಳಿಲೆ ಮುಟ್ರಿ, ಬಾಯಿಗಿ ಮಾತ್ರ ಕೀಲಿ!"

"ಬಾಯಿಗಿ ಕೀಲಿ!" ಮಕ್ಕಳು ಕುಣಿಯುತ್ತ ಕೂಗಿದರು. ಲಲಿತಾಬಾಯಿಗೂ ನಗು ತಡೆಯಲಿಲ್ಲ.

ಅಷ್ಟರಲ್ಲಿ ಪೊದೆಯ ಬುಡದಲ್ಲಿ ಅವಳಿಗೆ ದೊಡ್ಡ ಬಿಳಿ ಅಣಬೆಗಳು ಕಂಡವು. "ಕೆಂಪಂದು ವಿಷ ಇರಬೇಕು, ಇವು ಬಿಳೀವು, ತಿನ್ನೋವು. ಸಂಜಿಗಿ ಪಲ್ಯಾ ಮಾಡ್ತೇನಿ," ಎನ್ನುತ್ತ ಕಿತ್ತು ಕಿತ್ತು ಸೆರಗಿಗೆ ಹಾಕಿಕೊಂಡಳು.

ಈಶ್ವರಿ ಓಡಿಬಂದು ಸೆರಗು ಹಿಡಿದಳು. "ಬ್ಯಾಡ ಆಯಿ! ಇವು ತಿನ್ನೋವಂತ ನಿನಗ ಪಕ್ಕಾ ಗೊತ್ತದ ಏನು?"

ಲಲಿತಾಬಾಯಿ ಒಂದನ್ನು ಎತ್ತಿ ನೋಡಿದಳು. ಚಿಕ್ಕಂದಿನಲ್ಲಿ ತವರಿನಲ್ಲಿ ತಿಂದದ್ದು ಹೀಗೇ ಇತ್ತು. ಇತ್ತೇನು?

"ಪಕ್ಕಾ ಇಲ್ಲವ್ವ," ಅಂದಳು ಮೆಲ್ಲಗೆ.

"ಜೀವ ತಗಿಯೋ ಅಣಬಿ ಬಿಳೀವೂ ಇರ್ತಾವ್ರಿ ಕಾಕು," ಆಮ್ರಪಾಲಿ ಹೇಳಿದಳು. "ಬಣ್ಣ ನೋಡಿ ಹೇಳಾಕ ಬರಂಗಿಲ್ಲ. ಕುದಿಸಿದರ ವಿಷ ಹೋಗತದ ಅಂತ ನಂಬಬ್ಯಾಡ್ರಿ. ತಿನ್ನೋ ಆಸಿ ಆದರ ಬಜಾರದಾಗ ಬೆಳಸಿದ ಅಣಬಿ ಸಿಗತಾವ."

ಲಲಿತಾಬಾಯಿ ಸೆರಗು ಝಾಡಿಸಿ ಅಣಬೆಗಳನ್ನೆಲ್ಲ ಚೆಲ್ಲಿ ಮೊಮ್ಮಗಳನ್ನು ತಬ್ಬಿದಳು. "ನಿನ್ನ ಕಾಯಾಕ ಬಂದಿದ್ದೆ, ನೀನೇ ನನ್ನ ಕಾದಿ ನೋಡು!"

ಊರಿಗೆ ಮರಳಿ ಬೋರ್‌ವೆಲ್ಲಿನ ನೀರಿನಲ್ಲಿ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆದರು. "ನಾಳಿ ಯಾವ ಕಡಿ ಹೋಗೋಣು?" ಮೊದಲು ಕೇಳಿದವಳು ಲಲಿತಾಬಾಯಿಯೇ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಳೆ ಬಿದ್ದಾಗ ನಿಮ್ಮ ಮಕ್ಕಳಿಗೂ ಅಣಬೆ ತೋರಿಸಿರಿ. ನೋಡಿ ಖುಷಿಪಡಲಿ. ಆದರೆ ಅಡವಿಯ ಅಣಬೆಯನ್ನು ಮಕ್ಕಳೂ ತಿನ್ನಬಾರದು, ದೊಡ್ಡವರೂ ತಿನ್ನಬಾರದು. ಯಾರಾದರೂ ತಿಂದಿದ್ದರೆ ವಾಂತಿ, ಹೊಟ್ಟೆನೋವು ಬರಲಿ ಎಂದು ಕಾಯದೆ, ಉಳಿದ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ತಕ್ಷಣ ದವಾಖಾನೆಗೆ ಓಡಿರಿ. ಮಕ್ಕಳನ್ನು ಬೈದು ಹೆದರಿಸಬೇಡಿರಿ. ಏನೇ ಸಿಕ್ಕರೂ ಅವರು ಮೊದಲು ನಿಮ್ಮ ಹತ್ತಿರವೇ ತಂದು ತೋರಿಸಬೇಕು.