ಗಿರಿರಾಜನ ಮಣ್ಣು

ಅಮರೇಶನ ಶೋರೂಮಿನ ಗೋಡೆ ತುಂಬ ಒಂದು ಚಿತ್ರ ಅಂಟಿಸಿದ್ದಾರೆ. ಬೆಳ್ಳಗೆ ಹಿಮ ಬಿದ್ದ ಪರ್ವತ, ಅದರ ನೆತ್ತಿಯ ಮೇಲೊಂದು ನೀಲಿ ಬ್ಯಾಟರಿ ಸ್ಕೂಟರು, ಅದರ ಮೇಲೆ ಕೈಗವಸು ತೊಟ್ಟ ಕೆಂಪು ಮೂಗಿನ ಹುಡುಗ. ಕೆಳಗೆ 'ಗಿರಿರಾಜ, ಗುಡ್ಡಕ್ಕೆಂದೇ ಹುಟ್ಟಿದ ಗಾಡಿ' ಅಂತ ಬರೆದಿದೆ. ಗಜೇಂದ್ರಗಡದಲ್ಲಿ ಹಿಮ ಇರುವುದು ಐಸ್‌ಕ್ಯಾಂಡಿ ಡಬ್ಬಿಯೊಳಗೆ ಮಾತ್ರ. ಗಿರಿರಾಜ ಅಂದರೆ ನಮಗೆ ಗೊತ್ತಿದ್ದದ್ದು ಆ ಹೆಸರಿನ ಸಾಕು ಕೋಳಿ. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಗಾಡಿ ಕೊಂಡೆ.

ನಾನು ಕವಿತಾ, ಸೂಡಿಯವಳು. ಮನೆಯಲ್ಲಿ ಕೂತು ಜಂಪರು ಹೊಲಿಯುತ್ತೇನೆ, ಹೊಲಿದದ್ದನ್ನು ಗಜೇಂದ್ರಗಡದ ಸೀರೆ ಅಂಗಡಿಗಳಿಗೆ ಮುಟ್ಟಿಸುತ್ತೇನೆ. ಬಸ್ಸಿನ ದಾರಿ ಕಾದು ಕಾದು ಸಾಕಾಗಿತ್ತು. ಗಾಡಿ ಕೊಂಡ ದಿನ ಅಮರೇಶ ನನ್ನ ಕೊರಳಿಗೊಂದು ಹಾರ ಹಾಕಿ, ಒನಕೆಯಷ್ಟು ಉದ್ದದ ರಟ್ಟಿನ ಕೀಲಿಕೈ ಹಿಡಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿದ. 'ಅಕ್ಕಾ, ಒಂದೀಟ ನಗರಿ. ಗುಡ್ಡ ಏರತೈತಿ ಅನ್ರಿ' ಅಂದ. ನಾನು ಹಲ್ಲು ಕಿರಿದು 'ಗುಡ್ಡ ಏರತೈತಿ' ಅಂದೆ. ಆ ವಿಡಿಯೋ ಮೂರು ತಾಲೂಕು ತಿರುಗಿತು. ಗಾಡಿ ಮಾತ್ರ ಸೂಡಿ ದಿಬ್ಬ ಏರಲಿಲ್ಲ.

ಒಂದು ಹನಿ ಮಳೆ ಬಿದ್ದರೆ ಕೆಂಪು ದೀಪ, ಬಿಸಿಲು ಚುರುಕಾದರೆ ಹಳದಿ ದೀಪ. ಒಮ್ಮೆ ದೇವರ ಪಟದ ಅಂಗಡಿ ಮುಂದೆ ನಿಂತುಬಿಟ್ಟಿತು, ಇನ್ನೊಮ್ಮೆ ದನದ ಸಂತೆಯ ನಡುವೆ. ಪ್ರತಿ ಸಲವೂ ನಾನು ಜಂಪರಿನ ಗಂಟು ಹೊತ್ತು, ಗಾಡಿ ದಬ್ಬಿಕೊಂಡು ಶೋರೂಮಿಗೆ ಹೋಗುತ್ತಿದ್ದೆ. ಅಮರೇಶ ತನ್ನ ಕಂಪ್ಯೂಟರ್ ನೋಡಿ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ. 'ಗಾಡ್ಯಾಗ ಏನೂ ದೋಷ ಇಲ್ಲಕ್ಕಾ. ಸಿಸ್ಟಮ್‌ನ್ಯಾಗ ಆರೋಗ್ಯ ಅಂತ ತೋರಸತೈತಿ. ಹೆಣ್ಮಕ್ಕಳ ಕೈಯಾಗ ಹಿಂಗ ಸ್ವಲ್ಪ ಆಕ್ಕೈತಿ.' ಹೆಣ್ಣುಮಕ್ಕಳ ಕೈಯಂತೆ! ಇವನ ಹೆಂಡತಿಯ ಜಂಪರು ಹೊಲಿದದ್ದೂ ಇದೇ ಕೈ.

ಇಷ್ಟೇ ಆಗಿದ್ದರೆ ನಾಲ್ಕು ಮಂದಿಯೆದುರು ಬೈದು ಸುಮ್ಮನಾಗುತ್ತಿದ್ದೆ. ನಮ್ಮತ್ತೆಯ ಸಂಗತಿ ನಡೆದ ಮೇಲೆ ಸುಮ್ಮನಿರುವುದು ನನ್ನ ಕೈಯಲ್ಲಿ ಉಳಿಯಲಿಲ್ಲ.

ನಮ್ಮತ್ತೆ ದೇವವ್ವ ಹಾಡಿ ಅಳುವವಳು. ಯಾರಾದರೂ ತೀರಿಕೊಂಡರೆ ಹೆಣವನ್ನು ಕೂಡ್ರಿಸಿ, ತಲೆಗೆ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿದ ಮೇಲೆ ರೋಣ, ನರಗುಂದದಿಂದಲೂ ಅತ್ತೆಗೆ ಹೇಳಿ ಕಳಿಸುತ್ತಿದ್ದರು. ಅವಳು ಬಂದು ಹೆಣದ ಎದುರು ಕೂತು ಮೊದಲು ಅದರ ಮುಖ ನೋಡುತ್ತಾಳೆ, ಮಾರಿ ನೋಡದೆ ಬಾಯಿ ತೆರೆಯುವುದಿಲ್ಲ. ಆಮೇಲೆ ಸೆರಗು ಬಾಯಿಗಿಟ್ಟು ಆ ಮನುಷ್ಯನ ಬಾಳುವೆಯನ್ನೆಲ್ಲ ಹಾಡುತ್ತಾಳೆ. ಸತ್ತವನು ಕುಡುಕನಾಗಿದ್ದರೆ ಕುಡಿದದ್ದನ್ನೂ, ಹೆಂಡತಿಯನ್ನು ಬಡಿದಿದ್ದರೆ ಬಡಿದದ್ದನ್ನೂ ಬಿಡುವುದಿಲ್ಲ. ಅವಳ ಹಾಡಿನಲ್ಲಿ ಬಂದದ್ದು ಊರಿನ ಬಾಯಲ್ಲಿ ಉಳಿಯುತ್ತದೆ. ಅದಕ್ಕೇ ಕೆಲವರು ಬದುಕಿರುವಾಗಲೇ ಅವಳಿಗೆ ನಮಸ್ಕಾರ ಮಾಡುತ್ತಾರೆ.

ಅವಳ ತಂಗಿ ಗಾಳೆವ್ವನನ್ನು ಮಲಪ್ರಭೆಯ ದಂಡೆಯ ಕೊಣ್ಣೂರಿಗೆ ಕೊಟ್ಟಿದ್ದರು. ಅಕ್ಕತಂಗಿಯರ ನಡುವೆ ಪರಕಾರ ಉಡುವ ಹುಡುಗಿಯರಾಗಿದ್ದ ಕಾಲದಿಂದ ಒಂದು ಮಾತಾಗಿತ್ತು. ಯಾರು ಮೊದಲು ಹೋದರೂ ಉಳಿದವಳು ಬಂದು ಹಾಡಬೇಕು.

ಗಣಪತಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ, ಒಂದು ಮುಂಜಾನೆ ಕೊಣ್ಣೂರಿನಿಂದ ಫೋನ್ ಬಂತು. ಗಾಳೆವ್ವ ನಿದ್ದೆಯಲ್ಲೇ ಹೋಗಿದ್ದಳು. 'ದೇವವ್ವ ದೊಡ್ಡವ್ವ ಬರೂತನಾ ಎತ್ತಂಗಿಲ್ಲ. ಆದ್ರ ಹೊತ್ತ ಮುಳಗೂದರಾಗ ಮಣ್ಣ ಆಗಬೇಕು' ಅಂದರು. ನನ್ನ ಗಂಡ ದ್ಯಾಮೇಶ ಸಾವಕಾರರ ಟ್ರ್ಯಾಕ್ಟರ್ ತಗೊಂಡು ಮಸಾರಿ ಹೊಲಕ್ಕೆ ಹೋಗಿದ್ದ. ಗಿರಿರಾಜನ ಹೊಟ್ಟೆ ತುಂಬ ಚಾರ್ಜ್ ಇತ್ತು. ಅತ್ತೆಯನ್ನು ಹಿಂದೆ ಕೂಡ್ರಿಸಿಕೊಂಡು ಹೊರಟೆ.

ರೋಣ ದಾಟಿತು. ಮುಂದೆ ನರಗುಂದದ ತನಕ ಬರೀ ಕಪ್ಪು ಮಣ್ಣಿನ ಎರೆ ಹೊಲ, ಗುಡ್ಡ ಹೋಗಲಿ ಒಂದು ಉಬ್ಬೂ ಇಲ್ಲ. ಗುಡ್ಡಕ್ಕೆಂದೇ ಹುಟ್ಟಿದ ಗಾಡಿ ಆ ಬಯಲಿನ ನಟ್ಟನಡುವೆ ನಿಂತಿತು. ಅಮರೇಶನಿಗೆ ಫೋನ್ ಹಚ್ಚಿದೆ.

'ಅಕ್ಕಾ, ಇಲ್ಲೆ ಗಾಡಿ ಚಾಲೂ ಐತಂತ ತೋರಸಾಕತ್ತೈತಿ. ಆರಾಮ ಕುಂದರ್ರಿ. ತಾನ ಸರಿ ಆಕ್ಕೈತಿ.'

'ತಮ್ಮಾ, ಮಣ್ಣಿಗೆ ಹೊಂಟೇವಿ. ನಮ್ಮತ್ತಿ ತಂಗಿ ತೀರಿಕೊಂಡಾಳ.'

'ಹೌದ್ರಿ? ಪಾಪ. ಗಾಡಿಗೆ ಏನೂ ಆಗಿಲ್ರಿ, ಹೆದರಬ್ಯಾಡ್ರಿ.'

ಕೂತೆವು. ನೆರಳಿಲ್ಲ, ನೀರಿಲ್ಲ. ಕೊನೆಗೆ ದೂರದಲ್ಲಿ ನರಗುಂದದ ಬಸ್ಸು ಕಾಣಿಸಿತು. ಕೈ ಮಾಡಬೇಕು ಅನ್ನುವಷ್ಟರಲ್ಲಿ ಗಾಡಿಯ ಪರದೆ ಹೊತ್ತಿಕೊಂಡು ಟಿಣ್ ಅಂತು. ಅತ್ತೆಯ ಮುಖ ಅರಳಿತು. 'ಜೀವಾ ಬಂತು ನೋಡ, ಹತ್ತು ಲಗೂ' ಅಂದಳು. ಹತ್ತಿ ಕೂತೆವು, ಬಸ್ಸು ನಮ್ಮನ್ನು ದಾಟಿ ಹೋಯಿತು. ಬಸ್ಸಿನ ಧೂಳು ಅಡಗುವ ಮೊದಲೇ ಪರದೆ ಆರಿತು.

ಉಳ್ಳಾಗಡ್ಡಿ ಹೇರಿಕೊಂಡ ಟೆಂಪೋದವನೊಬ್ಬ ಬಹಳ ಹೊತ್ತಿನ ಮೇಲೆ ನಮ್ಮನ್ನು ಹತ್ತಿಸಿಕೊಂಡ, ಗಾಡಿಯನ್ನು ಅಲ್ಲೇ ಬಿಟ್ಟೆವು. ಕೊಣ್ಣೂರಿನವರು ಕಾದಿದ್ದರು, ಹೊತ್ತು ಕಾಯಲಿಲ್ಲ. ನಾವು ಮುಟ್ಟಿದಾಗ ಹಸಿ ಮಣ್ಣಿನ ದಿಬ್ಬದ ಮೇಲೆ ಹೂವು ಇಟ್ಟಿದ್ದರು. 'ಹಾಡವ್ವಾ' ಅಂತ ಹೆಂಗಸರು ಅಂದರು. ಅತ್ತೆ ದಿಬ್ಬವನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು.

'ಮಾರಿ ಕಾಣವಲ್ದು. ಯಾರಿಗೆ ಹಾಡ್ಲಿ?' ಅಂದಳು.

ಮರುದಿನ ಸೂಡಿಗೆ ಬಂದಾಗ ನಾನು ಬಾಗಿಲಲ್ಲಿ ಕೊಡಪಾನ ತಂದಿಟ್ಟೆ. ಮಣ್ಣಿಗೆ ಹೋಗಿ ಬಂದವರು ಹೊರಗೇ ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅತ್ತೆ ಕೊಡಪಾನದ ಪಕ್ಕದಲ್ಲಿ ಹಾದು ಒಣ ತಲೆಯಲ್ಲೇ ಒಳಗೆ ಹೋದಳು. 'ನಾ ಮಣ್ಣಿಗೆ ಹೋಗಿಲ್ಲ' ಅಂದಳು.

ಅಂದಿನಿಂದ ಅವಳು ಒಂದು ಮೂಲೆ ಹಿಡಿದಳು. ರೊಟ್ಟಿ ಮುರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ. ಎಷ್ಟೋ ಸತ್ತವರಿಗೆ ಹಾಡಿದ ಗಂಟಲಿನಲ್ಲಿ ತಂಗಿಯ ಹಾಡು ಸಿಕ್ಕಿಕೊಂಡಿತ್ತು, ಅದು ಅನ್ನವನ್ನೂ ಕೆಳಗೆ ಬಿಡುತ್ತಿರಲಿಲ್ಲ. ಸವಡಿಯಿಂದ ಒಂದು ಸಾವಿಗೆ ಕರೆ ಬಂತು, ಹೋಗಲಿಲ್ಲ. ದಿನದಿಂದ ದಿನಕ್ಕೆ ಸೊರಗುತ್ತ ಹೋದಳು.

ನಾನು ಶೋರೂಮಿಗೆ ಹೋದೆ. ದ್ಯಾಮೇಶ ಟ್ರ್ಯಾಕ್ಟರ್ ಹಿಂದೆ ಹೇರಿಕೊಂಡು ತಂದ ಗಾಡಿಯನ್ನು ತೋರಿಸಿದೆ. ಅಮರೇಶ ಕಂಪ್ಯೂಟರ್ ನೋಡಿದ. ಆರೋಗ್ಯ ಅಂದ. 'ನನ್ನ ವಿಡಿಯೋನರ ತಗದ ಹಾಕು' ಅಂದೆ. 'ಅದು ಭಾಳ ಚಲೋ ಓಡಾಕತ್ತೈತಲ್ರಿ ಅಕ್ಕಾ' ಅಂತ ನಕ್ಕ. ಅಲ್ಲೇ ತನ್ನ ಗಿರಿರಾಜನನ್ನು ದಬ್ಬಿಕೊಂಡು ಬಂದಿದ್ದ ಜಬೀನ ನನ್ನನ್ನು ಗುರುತು ಹಿಡಿದಳು. ಮದುವೆ ಮನೆಗಳಿಗೆ ಮೆಹಂದಿ ಹಾಕಲು ಹೋಗುವ ಹುಡುಗಿ. 'ನೀವಾ ಅಲ್ಲೇನ್ರಿ? ನಿಮ್ಮ ನಗಿ ನೋಡಿ ತಗೊಂಡೆ ಇದನ್ನ. ನಿಮ್ಮ ಹಲ್ಲಿಗೆ ಬೆಂಕಿ ಹತ್ತಲಿ' ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಹಲ್ಲು ಅವನ ಮೊಬೈಲಿನಲ್ಲಿ ಕೂತು ಅವನ ಚಾಕರಿ ಮಾಡುತ್ತಿದ್ದವು.

ಮನೆಗೆ ಬಂದು ದ್ಯಾಮೇಶನಿಗೆ ಹೇಳಿದೆ. 'ಖಂಡೇಪೂಜಿ ದಿನ ಅವನ ಅಂಗಡಿ ಮುಂದ ಇದಕ್ಕ ಬೆಂಕಿ ಹಚ್ಚತೀನಿ. ನೋಡ್ಲಿ ಮಂದಿ.' ಖಂಡೇಪೂಜೆ ಅಂದರೆ ಮಹಾನವಮಿಯ ಆಯುಧಪೂಜೆ, ಜನ ಹೊಸ ಗಾಡಿ ಒಯ್ಯುವುದು ಆ ದಿನವೇ. ದ್ಯಾಮೇಶ ಹೆದರಿದ. ಪೊಲೀಸರು, ಕೇಸು ಅಂತ ಶುರು ಮಾಡಿದ.

ಮೂಲೆಯಿಂದ ಅತ್ತೆ ಮಾತಾಡಿದಳು. ಎಷ್ಟೋ ದಿನದ ಮೇಲೆ.

'ಸುಡಬ್ಯಾಡ. ಸತ್ತವರನ್ನ ನಾವು ಸುಡೂದಿಲ್ಲ. ಕೂಡ್ರಸರಿ.'

ಖಂಡೇಪೂಜೆಯ ದಿನ ಶೋರೂಮಿನ ಮುಂದೆ ಶಾಮಿಯಾನ ಹಾಕಿದ್ದರು. ಹೊಸ ಗಿರಿರಾಜಗಳು ಚೆಂಡುಹೂವು ಮುಡಿದು ಸಾಲಾಗಿ ನಿಂತಿದ್ದವು, ಕೊಂಡವರು ಕೈಯಲ್ಲಿ ತೆಂಗಿನಕಾಯಿ, ಲಿಂಬೆಹಣ್ಣು ಹಿಡಿದಿದ್ದರು. ದ್ಯಾಮೇಶ ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮ ಗಾಡಿಯನ್ನು ಇಳಿಸಿದ. ಬಾಗಿಲಿಗೆ ಎದುರಾಗಿ ಸ್ಟ್ಯಾಂಡ್ ಹಾಕಿದೆವು. ನಾನು ಬಿಳಿ ಬಟ್ಟೆ ಹೊದಿಸಿ, ದೀಪದ ಮೇಲೆ ರುಮಾಲು ಸುತ್ತಿ, ವಿಭೂತಿ ಬಳಿದು ಹಾರ ಹಾಕಿದೆ. ಮಂದಿ ನಗುತ್ತ ಸುತ್ತುಗಟ್ಟಿದರು, ಮೊಬೈಲುಗಳು ಮೇಲೆದ್ದವು. ಅತ್ತೆ ಎದುರಿಗೆ ಕೂತಳು. ಗಾಡಿಯ ಮಾರಿಯನ್ನು ನೋಡಿದಳು. ತುರುಬು ಬಿಚ್ಚಿದಳು.

'ಯಪ್ಪಾ ನನ ಗಿರಿರಾಜಾ...
ಹಿಮದ ಗುಡ್ಡಾ ಏರತೀನಂತ ಗ್ವಾಡಿ ಮ್ಯಾಲ ನಿಂತಿದ್ದೆಲ್ಲೋ,
ಸೂಡಿ ಊರ ದಿಬ್ಬಾ ಏರಲಾರದ ತೇಕಿದೆಲ್ಲೋ.
ಹನಿ ಮಳಿಗೆ ನೆಗಡಿ ಬಂತಂತ ಮಲಗಿದೆಲ್ಲೋ,
ಹಿಡಿ ಬಿಸಲಿಗೆ ಜ್ವರಾ ಬಂತಂತ ಕುಂತೆಲ್ಲೋ.
ಸೊಸಿನ್ನ ಹೊತ್ತಗೊಂಡ ಹೋಗಾಕ ಬಂದಾಂವಾ,
ಸೊಸಿ ಕೈಲೆ ದಬ್ಬಿಸಿಗೊಂಡ ಬಂದೆಲ್ಲೋ.
ನಿಮ್ಮಪ್ಪ ಅಮರೇಶ ಒಳಗ ಕುಂತಾನೋ ಯಪ್ಪಾ,
ಮಗನ ಮಾರಿ ನೋಡಾಕ ಹೊರಗ ಬರವಲ್ಲೋ...'

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಮರೇಶ ಹೊಸ ಅಂಗಿಯಲ್ಲಿ ಓಡಿ ಬಂದ.

'ಏ ಯವ್ವಾ, ಹಬ್ಬದ ದಿನ ಬಾಗಲದಾಗ ಅಳತಾರೇನು? ಗಾಡಿ ಸತ್ತಿಲ್ಲ. ಸಿಸ್ಟಮ್‌ನ್ಯಾಗ ಆರೋಗ್ಯ ಐತಿ.'

ಅತ್ತೆ ಹಾಡು ನಿಲ್ಲಿಸಿದಳು. 'ಸತ್ತಿಲ್ಲಂದ್ರ ಎಬ್ಬಸಪ್ಪಾ.'

ಅವನು ಗುಂಡಿ ಒತ್ತಿದ. ಪರದೆ ಹೊತ್ತಿಕೊಂಡು ಟಿಣ್ ಅಂತು, ಆರಿತು. ಮತ್ತೆ ಒತ್ತಿದ, ಏನೂ ಆಗಲಿಲ್ಲ. ನಗು ಬೀದಿಯ ಆ ತುದಿಗೆ ಮುಟ್ಟಿತು. ಜಬೀನ ಎಲ್ಲಿದ್ದಳೋ, ತನ್ನ ಗಾಡಿಯನ್ನೂ ದಬ್ಬಿಕೊಂಡು ಬಂದು ನಮ್ಮದರ ಮಗ್ಗುಲಿಗೆ ನಿಲ್ಲಿಸಿ ದುಪ್ಪಟ್ಟಾ ಹೊದಿಸಿದಳು.

ಅತ್ತೆ ಮುಂದುವರಿಸಿದಳು.

'ಎರಿ ಹೊಲದಾಗ ನಮ್ಮನ್ನ ಕೂಡ್ರಿಸಿದೆಲ್ಲೋ,
ಬರೂ ಬಸ್ಸ ನೋಡಿ ಕಣ್ಣ ತೆರದೆಲ್ಲೋ,
ಹ್ವಾದ ಬಸ್ಸ ನೋಡಿ ಕಣ್ಣ ಮುಚ್ಚಿದೆಲ್ಲೋ.
ಕೊಣ್ಣೂರಾಗ ನನ ತಂಗಿ ಕುಂತಿದ್ಲೋ,
ಅಕ್ಕ ಬರತಾಳಂತ ಹಾದಿ ನೋಡ್ಕೋತ ಕುಂತಿದ್ಲೋ...'

ಅಲ್ಲಿ ಧ್ವನಿ ಒಡೆಯಿತು. ಅತ್ತೆ ಎರಡೂ ಕೈಯಿಂದ ನೆಲ ಬಡಿದಳು.

'ಗಾಳೆವ್ವಾ! ನನ ಬೆನ್ನಿಗೆ ಬಿದ್ದಾಕಿ, ನಾ ಬಿಟ್ಟ ಪರಕಾರ ಉಟ್ಟಾಕಿ,
ಹೊಳಿ ಬಂದಾಗ ನನ ಕೈ ಹಿಡದ ನಕ್ಕಾಕಿ,
ನಿನ ಮಾರಿ ಮುಚ್ಚಿದರಲ್ಲವ್ವಾ, ನಾ ಬರೂದರಾಗ ಮುಚ್ಚಿದರಲ್ಲವ್ವಾ...'

ನಗು ನಿಂತಿತು. ಮೊಬೈಲು ಹಿಡಿದ ಕೈಗಳು ಕೆಳಗಿಳಿದವು. ಸಂತೆಗೆ ಬಂದ ಹೆಂಗಸರು ಚೀಲ ಪಕ್ಕಕ್ಕಿಟ್ಟು, ಯಾರು ಏನು ಅಂತ ಕೇಳದೆ ಅತ್ತೆಯ ಸುತ್ತ ಕೂತು ಸೆರಗು ಬಾಯಿಗಿಟ್ಟರು. ಜಬೀನಳೂ ಕೂತಳು. ನಾನೂ ಅತ್ತೆಯ ಬೆನ್ನಿಗೆ ಒರಗಿ ಕಣ್ಣೀರು ಹಾಕಿದೆ. ಗಾಳೆವ್ವನ ಬಾಳುವೆ ಒಂದೂ ಬಿಡದೆ ಬಂತು. ಅವಳು ಮಾಡಿದ ಪುಂಡಿಪಲ್ಲೆ, ಅವಳು ಹಡೆದು ಕಳಕೊಂಡ ಕೂಸು, ಗಂಡನ ಹಟ್ಟಿಯಲ್ಲಿ ಸಾಕಿದ ಎಮ್ಮೆಯ ಹೆಸರು ಕೂಡ.

ಶಾಮಿಯಾನದ ಕೆಳಗೆ ಒಬ್ಬ ಹಿರಿಯರು ಕೈಯಲ್ಲಿದ್ದ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು. 'ಸತ್ತವರಿಗೆ ಅತ್ತ ಬಾಗಲದಾಗಿಂದ ಗಾಡಿ ಒಯ್ಯೂದು ಬ್ಯಾಡೋ ಮಗನ' ಅಂದರು. ಅವರ ಹಿಂದೆ ಇನ್ನೊಬ್ಬರು. ಚೆಂಡುಹೂವಿನ ಸಾಲು ಹಾಗೇ ಉಳಿಯಿತು, ಕೊಂಡವರು ಕರಗಿದರು. ಅಮರೇಶ ಅದನ್ನೆಲ್ಲ ನೋಡುತ್ತ ನಿಂತಿದ್ದ. ಅವನ ಮುಖ ಬಿಳುಚಿದ್ದನ್ನು ಕಂಡು ನನಗಾದ ಖುಷಿಯನ್ನು ನಾನೇಕೆ ಮುಚ್ಚಿಡಲಿ?

ಹಾಡು ಮುಗಿದ ಮೇಲೆ ಅವನು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತ. 'ಯವ್ವಾ, ಹೊಸಾ ಗಾಡಿ ಕೊಡತೀನ್ರಿ. ಇದನ್ನ ಎತ್ರಿ.'

'ಸತ್ತೈತಿ ಅನ್ನು' ಅಂದಳು ಅತ್ತೆ.

'ಕೆಟ್ಟೈತ್ರಿ.'

'ಕೆಟ್ಟೈತಿ ಅಲ್ಲ.'

ಅವನು ಬೀದಿ ನೋಡಿದ, ನೆಲ ನೋಡಿದ. 'ಸತ್ತೈತ್ರಿ.'

'ಮಣ್ಣ ಹಾಕು.'

ಬಾಗಿಲಲ್ಲಿ ಅವನೇ ಇಟ್ಟಿದ್ದ ಹೂವಿನ ಕುಂಡದಿಂದ ಅಮರೇಶ ಒಂದು ಹಿಡಿ ಮಣ್ಣು ತೆಗೆದು ಗಿರಿರಾಜನ ಮೇಲೆ ಹಾಕಿದ. ಅಷ್ಟು ಹೊತ್ತಿಗೆ ಮೊಬೈಲುಗಳು ಮತ್ತೆ ಮೇಲೆದ್ದಿದ್ದವು, ನನ್ನದು ಎಲ್ಲಕ್ಕಿಂತ ಮುಂದಿತ್ತು. 'ಅಮರೇಶಾ, ಒಂದೀಟ ನಗು' ಅಂದೆ. ಅವನು ನಗಲಿಲ್ಲ. ನನ್ನ ಹಳೆಯ ವಿಡಿಯೋವನ್ನು ನನ್ನ ಕಣ್ಣೆದುರೇ ಅಳಿಸಿದ.

'ನಿನ್ನ ಹೊಸಾ ಗಾಡಿ ನಮಗ ಬ್ಯಾಡ' ಅಂತ ಅತ್ತೆ ತುರುಬು ಕಟ್ಟುತ್ತ ಎದ್ದಳು. 'ನಿನ್ನ ಹೆಸರು ಹಾಡಿನ್ಯಾಗ ಬಂದೈತಿ. ಇನ್ನ ನಾ ಎಲ್ಲೆ ಹಾಡಿದರೂ ಬರತೈತಿ.' ಗಾಡಿಯನ್ನು, ಹಾರವನ್ನು, ಮಣ್ಣನ್ನು ಅವನ ಬಾಗಿಲಲ್ಲೇ ಬಿಟ್ಟು ನಾವು ಟ್ರ್ಯಾಕ್ಟರ್ ಹತ್ತಿದೆವು.

ದಾರಿಯುದ್ದಕ್ಕೂ ನಾನು ದ್ಯಾಮೇಶನಿಗೆ ಅಮರೇಶನ ಮುಖದ ವರ್ಣನೆ ಮಾಡುತ್ತಲೇ ಬಂದೆ. ಮನೆ ಬಂತು. ನಾನು ಬೀಗ ತೆಗೆದು ಒಳಗೆ ಹೋದೆ. ತಿರುಗಿ ನೋಡಿದರೆ ಅತ್ತೆ ಹೊಸ್ತಿಲ ಹೊರಗೇ ನಿಂತಿದ್ದಳು.

'ಯಾಕತ್ತಿ, ಒಳಗ ಬರ್ರಿ.'

'ಹ್ಯಾಂಗ ಬರ್ಲಿ? ಮಣ್ಣಿಗೆ ಹೋಗಿ ಬಂದೀನಿ' ಅಂದಳು ಅತ್ತೆ. 'ನೀರ ತಾ.'

ನಾನು ಕೊಡಪಾನ ತಂದು ಅವಳ ತಲೆಯ ಮೇಲೆ ನೀರು ಹಾಕಿದೆ.