ಹೆಸರಿಡುವ ಮುನ್ನ

"ಇಲ್ಲಿಗೇ ನಿಲ್ಲಜ್ಜಿ. ಇನ್ನೊಂದು ಹೆಜ್ಜೆ ಮುಂದಿಟ್ರೆ ನನ್ನ ಕೆಲಸ ಹೋಗುತ್ತೆ."

ಸೇತುವೆಗೆ ಅಡ್ಡವಾಗಿ ಕಬ್ಬಿಣದ ಕಂಟೇನರ್ ಇಟ್ಟಿದ್ದರು. ಅದರ ಪಕ್ಕದ ಸಂದಿಯಲ್ಲಿ ಬಂದೂಕು ಹಿಡಿದು ನಿಂತಿದ್ದ ನೈಜರ್ ಸೈನಿಕನ ಹೆಸರು ಲಾವಲಿ. ಬೆನಿನ್ ಕಡೆಯ ಮಲಾನ್‌ವಿಲ್‌ನಿಂದ ನಡೆದು ಬಂದಿದ್ದ ಹಾಜೋ ಏದುಸಿರು ಬಿಡುತ್ತಿದ್ದಳು. ಬಗಲಲ್ಲಿ ಮಡಚಿದ ಹಳೆಯ ನೀಲಿ ಬಟ್ಟೆ. ಕಂಟೇನರಿನಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಏಳು ದಿನದ ಕೂಸನ್ನೆತ್ತಿಕೊಂಡು ಮಗಳು ಬಿಬಾತಾ ನಿಂತಿದ್ದಳು. ಹಸಿ ಬಾಣಂತಿ, ಪಾಪ, ಬಿಸಿಲಲ್ಲಿ.

ಎಲ್ಲಾ ದೊಡ್ಡವರ ಜಗಳ. ನೈಜರ್‌ನ ರಾಜಧಾನಿ ನಿಯಾಮೆಯಲ್ಲಿ ಸೈನ್ಯ ಅಧ್ಯಕ್ಷನನ್ನು ಇಳಿಸಿತೆಂದು ನೆರೆದೇಶಗಳ ಒಕ್ಕೂಟ ಸಿಟ್ಟಾಗಿ ಗಡಿ ಮುಚ್ಚಿಸಿತು. ಆಮೇಲೆ ಒಕ್ಕೂಟವೇ ಇಳಿದು ಬಂದು ತೆರೆಯಿರಿ ಎಂದಾಗ, ನಿಮ್ಮನ್ನು ನಂಬುವವರು ಯಾರು ಎಂದು ನೈಜರ್ ಬಾಗಿಲು ಹಾಕಿಕೊಂಡೇ ಕೂತಿತು. ನದಿಯ ಎರಡೂ ದಡಕ್ಕೆ ಹೆಣ್ಣು ಕೊಟ್ಟು ತಂದವರನ್ನು ಮಾತ್ರ ಯಾರೂ ಕೇಳಲಿಲ್ಲ. ಈ ವಾರ ದೋಣಿಗಳೂ ನಿಂತಿದ್ದವು.

ಹಾಜೋಳ ಮನೆತನದಲ್ಲಿ ಕೂಸನ್ನು ಮೊದಲು ಬೆನ್ನಿಗೆ ಕಟ್ಟುವವಳು ತಾಯಿಯ ತಾಯಿ. ಅದೂ ಮಗಳನ್ನು ಹೊತ್ತ ಅದೇ ಬಟ್ಟೆಯಲ್ಲಿ, ಹೆಸರಿಡುವ ಮುಂಚೆ. ಮೊದಲ ಮೊಮ್ಮಗ ಹುಟ್ಟಿದಾಗಲೂ ಗಡಿ ಮುಚ್ಚಿತ್ತು. ಈ ಬಟ್ಟೆ ಕಾಣದ ಆ ಕೂಸು ಮೂರೇ ತಿಂಗಳಿಗೆ ಹೋಯಿತು. ಜ್ವರದಿಂದ ಎಂದರು ಡಾಕ್ಟರು. ಇರಬಹುದು; ಆದರೆ ಹಾಜೋಗೆ ಅಂದಿನಿಂದ ಊಟ ರುಚಿಸಿರಲಿಲ್ಲ.

"ಬಟ್ಟೆ ಕೊಡು, ಮುಟ್ಟಿಸ್ತೀನಿ," ಎಂದ ಲಾವಲಿ.

ಅವನ ಮಾತಿನ ಧಾಟಿ ಕೇಳಿ ಹಾಜೋ ಕಣ್ಣರಳಿಸಿದಳು. "ಲೋ, ನೀನು ಮಾವ್ರಿಯವನಲ್ವೇನೋ? ಅದಕ್ಕೇ ಈ ಮೊಂಡುತನ! ಅಲಸಂದೆ ತಿಂದೂ ತಿಂದೂ ತಲೇಲೂ ಬರೀ ಗಾಳಿ ತುಂಬ್ಕೊಂಡಿದೀಯ. ನಮ್ಮ ಝರ್ಮಾದೋರ ಆಳು ನೀನು, ನನ್ನೇ ತಡೀತೀಯಾ?"

ಪಕ್ಕದ ಸೈನಿಕ ಗಾಬರಿಯಾದ. ಲಾವಲಿ ಮಾತ್ರ ಹಲ್ಲು ಕಿರಿದ. ಝರ್ಮಾ ಮತ್ತು ಮಾವ್ರಿ ಜನರದು ಅಜ್ಜಂದಿರ ಕಾಲದ ಲೇವಡಿ ನೆಂಟಸ್ತನ. ಬೈದರೆ ಮುನಿಯುವಂತಿಲ್ಲ, ಬೇಡಿದರೆ ಬರಿಗೈಲಿ ಕಳಿಸುವಂತಿಲ್ಲ.

"ಆಳು ನಾನಲ್ಲ, ನಿಮ್ಮಜ್ಜ ನಮ್ಮನೆ ಕತ್ತೆ ಕಾಯ್ತಿದ್ದ," ಎಂದ. ಆಮೇಲೆ ದನಿ ತಗ್ಗಿತು. "ಆದ್ರೆ ಅಜ್ಜಿ, ಯಾವ ದೇಶದೋರನ್ನೂ ದಾಟಿಸ್ಬೇಡ ಅಂತ ಆರ್ಡರು. ಬಂದೋರ ಹೆಸರು ಬರ್ಕೊಂಡು ವಾಪಸ್ ಕಳಿಸ್ಬೇಕು."

"ಹೆಸರೇ ಇಲ್ದೋರು ಬಂದ್ರೆ?"

ಲಾವಲಿ ಅವಳ ಮುಖವನ್ನೇ ನೋಡಿದ.

"ನನ್ನ ದಾಟಿಸ್ಬೇಡ್ವೋ ಮಗಾ. ಕೂಸನ್ನ ತಾ. ಇವತ್ತೇ ಹೆಸರಿಡೋದು, ಇಮಾಮರು ಇನ್ನೂ ಕೂಗಿಲ್ಲ. ಅದನ್ನ ಏನಂತ ಬರೀತೀಯ ನಿನ್ನ ಪುಸ್ತಕದಲ್ಲಿ?"

ಅವನು ಬಂದೂಕನ್ನು ಜೊತೆಯವನ ಕೈಗಿತ್ತು ಬಿಬಾತಾಳ ಕಡೆ ನಡೆದ. ಅವನಿಗೆ ಕೂಸನ್ನು ಎತ್ತಿಕೊಳ್ಳಲು ಬರುತ್ತಿರಲಿಲ್ಲ, ತಲೆಗೆ ಹೇಗೆ ಕೈ ಕೊಡಬೇಕೆಂದು ಅವಳೇ ತೋರಿಸಿದಳು. ಸಂದಿಯಲ್ಲಿ ಓರೆಯಾಗಿ ನುಸುಳಿ ಬಂದು ಹಾಜೋಳ ಕೈಗೆ ಕೊಟ್ಟ.

"ಬೇಗ ಅಜ್ಜಿ. ಹೆಸರಾದ್ಮೇಲೆ ಇದೂ ದಾಟೋ ಹಾಗಿಲ್ಲ."

ಹಾಜೋ ಬಗ್ಗಿ ಕೂಸನ್ನು ಬೆನ್ನ ಮೇಲೆ ಮಲಗಿಸಿ, ನೀಲಿ ಬಟ್ಟೆ ಸುತ್ತಿ, ಎದೆಯ ಮೇಲೆ ಗಂಟು ಹಾಕಿದಳು. ಕಂಟೇನರಿನ ಈಚೆಗೇ, ಸೇತುವೆಯ ಅಗಲಕ್ಕೆ ಈ ಅಂಚಿನಿಂದ ಆ ಅಂಚಿಗೆ ಮೂರು ಸಲ ನಡೆದಳು. "ನಿಮ್ಮಣ್ಣನ್ನ ಕಟ್ಕೊಳಕ್ಕಾಗ್ಲಿಲ್ಲ ಕಂದಾ," ಎಂದಳು. "ನೀನು ಇರು." ಆಚೆ ಬಿಬಾತಾ ಬಾಯಿಗೆ ಮುಸುಕು ಒತ್ತಿಕೊಂಡು ಬಿಕ್ಕುತ್ತಿದ್ದಳು.

ಗಂಟು ಬಿಚ್ಚುವುದು ಮಾತ್ರ ಕಷ್ಟವಾಯಿತು. ಬಿಚ್ಚಿದಳು. ಬಟ್ಟೆಯ ಸಮೇತ ಕೂಸನ್ನು ಲಾವಲಿಯ ಕೈಗಿಟ್ಟಳು.

"ಏನ್ ಹೆಸರಿಟ್ರು ಅಂತ ನಾಳೆ ಇಲ್ಲಿಂದ್ಲೇ ಕೂಗ್ತೀನಿ ಬಾ, ಕತ್ತೆ ಕಾಯೋನ ಮೊಮ್ಮಗಳೇ," ಎಂದ ಅವನು. ಅವನ ಕಣ್ಣೂ ಒದ್ದೆಯಾಗಿತ್ತು.

ಮಲಾನ್‌ವಿಲ್ ಕಡೆ ತಿರುಗಿ ನಾಲ್ಕು ಹೆಜ್ಜೆ ನಡೆದ ಮೇಲೆ ಹಾಜೋಗೆ ಬೆನ್ನು ತಣ್ಣಗಾದದ್ದು ತಿಳಿಯಿತು. ಕೂಸು ಉಚ್ಚೆ ಹೊಯ್ದಿತ್ತು. ನೆತ್ತಿಗೇರುತ್ತಿದ್ದ ಬಿಸಿಲಿಗೆ ಅದು ಬೇಗ ಆರಿಬಿಡುತ್ತದೆ. ಅವಳು ತಲೆಯ ಮೇಲಿನ ಮುಸುಕನ್ನು ಎಳೆದು ಬೆನ್ನಿನ ಒದ್ದೆಯ ಮೇಲೆ ಹೊದ್ದುಕೊಂಡಳು. ಬರಿದಲೆಯಲ್ಲಿ ಮೆಲ್ಲಗೆ ನಡೆದಳು.